ಹಿಸ್ಸಾ

ಕೊಳಾರದ ಫ್ಯಾಕ್ಟರಿ. ಕ್ಯಾಂಟೀನು. ಸ್ಟೀಲ್ ತಾಟಿನಾಗ ಎರಡೆರಡು ಜಿಲೇಬಿ.
ಹೈದರಾಬಾದಿನಿಂದ ಬಂದ ಸಾಹೇಬರು ಲಕೋಟೆ ಕೊಟ್ಟರು:
"ರೂತಾ ಮೇಡಂ, ಇವತ್ತಿನಿಂದ ನೀವೂ ಮಾಲಕರು."
ಹದಿನಾಲ್ಕು ವರ್ಷ ಲ್ಯಾಬಿನಾಗ ಪುಡಿ ತೂಗಿದ ಕೈ
ಲಕೋಟೆಯನ್ನೂ ಮೊದಲು ತೂಗಿ ನೋಡಿತು.
ಐದು ಗ್ರಾಮೂ ಇರಲಿಕ್ಕಿಲ್ಲ.

ಸಾವಿರದ ಇನ್ನೂರು ಶೇರು ನಿಮ್ಮವು, ಆದರ ಇವತ್ತಲ್ಲ.
ವರ್ಷಕ್ಕ ಮುನ್ನೂರರಂಗ ನಾಲ್ಕು ವರ್ಷ;
ನಡುವ ನೌಕರಿ ಬಿಟ್ಟರ ಉಳಿದದ್ದು ಕಂಪನಿಗೇ.
ನೆಗೆಣ್ಣಿ ನಕ್ಕಳು: "ಸೊಸಿಗೆ ಕೀಲಿಕೈ ಕೊಟ್ಟಂಗಾತು,
ಪೆಟ್ಟಿಗಿ ಮಾತ್ರ ಅತ್ತಿ ಕೋಣ್ಯಾಗ."

ವರ್ಷ ತುಂಬಿತು. ನಲವತ್ತರಂಗ ಹನ್ನೆರಡು ಸಾವಿರ ಕಟ್ಟಿದೆ.
ಬಜಾರದಾಗ ಅವತ್ತಿನ ದರ ಮುನ್ನೂರಾ ಹತ್ತು.
ನಡುವಿನ ಎಂಬತ್ತೊಂದು ಸಾವಿರ ಪಗಾರಿನಾಗ ಬರೆದು
ತೆರಿಗಿ ಹಿಡಿದರು, ಹದಿನಾರು ಸಾವಿರ ಚಿಲ್ಲರ.
ಒಂದು ಶೇರೂ ಮಾರಿಲ್ಲ, ಒಂದು ರೂಪಾಯಿ ಕಂಡಿಲ್ಲ,
ಆ ತಿಂಗಳು ಕಿರಾಣಿ ಉದ್ರಿ.
ಎಮ್ಮಿ ಇನ್ನೂ ಗಬ್ಬ; ಹಾಲಿನ ಲೆಕ್ಕ ಮನೀಗೆ ಬಂದಿತ್ತು.

ನನ್ನ ಗಂಡ ದೇವದಾನ, ಮೋಟರ್ ವೈಂಡಿಂಗ್ ಮಾಡಾಂವ,
ಫೋನಿನಾಗ ದರ ನೋಡೋದು ಕಲಿತ.
ಮುಂಜಾನಿ ಒಂಬತ್ತೂ ಹದಿನೈದಕ್ಕ
ತಾಮ್ರದ ತಂತಿ ಅವನ ಕೈಯಾಗೇ ನಿಲ್ಲುತ್ತಿತ್ತು.
"ಮಾರಬ್ಯಾಡ. ಅನ್ನ ಹಾಕಿದ ಕಂಪನಿ."
ಅನ್ನ ಹಾಕತದ ಅಂತನೇ ಅಂಜಿಕಿ, ಅಂದೆ.
ಅವನಿಗೆ ತಿಳೀಲಿಲ್ಲ. ನನಗೂ ಪೂರಾ ತಿಳಿದಿರಲಿಲ್ಲ.

ಪರದೇಶದ ತಪಾಸಣಿಯವರು ಬಂದರು, ಮೂವರು, ನಗದವರು.
ನಾಲ್ಕನೇ ಬ್ಲಾಕಿನ ಪೈಪಿನ ಕೆಳಗ ಬಗ್ಗಿ ಬಗ್ಗಿ ನೋಡಿದರು.
ಗುಡ್ ಫ್ರೈಡೇಕ್ಕ ಮೂರು ದಿನ ಮೊದಲು ಅವರ ಪತ್ರ.
ಮುನ್ನೂರಾ ಹತ್ತು, ನೂರಾ ಎಂಬತ್ತಾತು.
ಅದೇ ವಾರ ಓವರ್‌ಟೈಮ್ ಬಂದ್.
ಅದೇ ವಾರ ಬೋನಸ್ಸು "ಮುಂದ ನೋಡೋಣ".
ಮಾರೋಣ ಅಂದರ ನೋಟಿಸ್ ಬೋರ್ಡಿನ ಮ್ಯಾಲ:
ನೌಕರರ ವಹಿವಾಟಿನ ಕಿಟಕಿ ಮುಚ್ಚಿದೆ.
ಆ ಗೋಡಿಗೆ ಕಿಟಕಿ ಇತ್ತಂತ ನನಗ ಗೊತ್ತೇ ಇರಲಿಲ್ಲ.

ಬಸ್ಸಿಳಿದು ನೌಬಾದದ ಕೆಂಪು ನೆಲದಾಗ ನಡಕೋತ ಬಂದೆ.
ಸುರಂಗದ ಬಾವಿಗಳು, ಸಾಲಾಗಿ, ಬಾಯಿ ತೆರಕೊಂಡು.
ಸಣ್ಣಾಕಿದ್ದಾಗ, ಮಳಿ ಚಲೋ ಆದ ವರ್ಷ,
ಮ್ಯಾಲಿನ ಬಾಯಾಗ ಬೇವಿನ ಕಡ್ಡಿ ಒಗೆದು
ಕೆಳಗಿನ ಬಾಯಿಗೆ ಓಡತಿದ್ದಿವಿ, ನಾನು, ಮುನೀರಾ.
ಹೊಟ್ಟಿ ನೆಲಕ್ಕ ಹಚ್ಚಿ ಎಣಿಸತಿದ್ದಿವಿ.
ಕಡ್ಡಿ ಬರತಿತ್ತು.
ಅಕಿ ಅಜ್ಜ ಬೈತಿದ್ದ: "ಇಪ್ಪತ್ತು ಬಾವಿ ಅಲ್ಲ ಹುಡುಗ್ಯಾರೇ,
ಒಂದೇ ನೀರು. ಇಲ್ಲಿ ಉಗುಳಿದ್ದನ್ನ ಅಲ್ಲಿ ಕುಡೀತಾರ."

ನಿಂತೆ.
ಪಗಾರು ಒಂದು ಬಾಯಿ. ಓವರ್‌ಟೈಮು. ಬೋನಸ್ಸು.
ದವಾಖಾನಿ ವಿಮಾ ಕಾರ್ಡು.
ಏಸ್ತೆರಳ ಫೀಸಿಗೆ ಕಂಪನಿ ಕೊಟ್ಟ ಸಾಲ.
ಈಗ ಶೇರು.
ಆರು ಬಾವಿ ಅದಾವ ಅಂತ ಎಣಿಸಿ ಮಲಗತಿದ್ದೆ.

ರಾತ್ರಿ ಏಸ್ತೆರಳ ಹಳೇ ನೋಟ್‌ಬುಕ್ಕಿನ ಕಡೀ ಹಾಳಿ.
ಆರು ತಿಂಗಳ ಖರ್ಚು ಮೊದಲು, ಬ್ಯಾರೆ ಬ್ಯಾಂಕಿನಾಗ.
ನರ್ಸಿಂಗಿನ ಎರಡನೇ ವರ್ಷ. ಸೋರೋ ತಗಡು.
ಶೇರಿನ ಮುಂದ ಅಂಕಿ ಬರೀಲಿಲ್ಲ, ಪ್ರಶ್ನಿ ಬರೆದೆ:
ಇವತ್ತು ಇಷ್ಟೇ ನಗದು ಕೈಯಾಗಿದ್ದರ
ಬಜಾರಕ್ಕ ಹೋಗಿ ಇದನ್ನೇ ಕೊಳ್ಳತಿದ್ದೆನೇನು?
ದೇವದಾನ ಓದಿದ. ಫೋನು ಬೋರಲು ಹಾಕಿದ.
"ಇಲ್ಲ," ಅಂದ. ಭಾಳ ಹೊತ್ತಿನ ಮ್ಯಾಲ,
"ವೈಂಡಿಂಗ್ ಮಷೀನ್ ಕೊಳ್ಳತಿದ್ದೆ."

ಮೇ ಕೊನೀಗೆ ಕಿಟಕಿ ತೆರೀತು.
ಮುನ್ನೂರಾ ಹತ್ತರ ಮ್ಯಾಲ ತೆರಿಗಿ ಕಟ್ಟಿದ್ದನ್ನ
ಇನ್ನೂರಾ ಐದಕ್ಕ ಮಾರಿದೆ, ಇನ್ನೂರೈವತ್ತು ಶೇರು.
ನೋಟ್‌ಬುಕ್ಕಿನಾಗ ಅದನ್ನೂ ಫೀಸು ಅಂತ ಬರಕೊಂಡೆ, ನಂದು.
ಐವತ್ತು ಇಟ್ಟುಕೊಂಡೆ. ಕಾರಣ ಕೇಳಬ್ಯಾಡ್ರಿ;
ಹದಿನಾಲ್ಕು ವರ್ಷದ ಸಾಲ್ವೆಂಟ್ ವಾಸನಿ
ಸೀರಿ ಸೆರಗಿನಿಂದ ಹೋಗಿಲ್ಲ ಇನ್ನೂ.

ಎರಡನೇ ಕಂತಿನ ದಿನ ಅದೇ ಕ್ಯಾಂಟೀನು, ಅದೇ ಸಾಹೇಬರು.
ಜಿಲೇಬಿ ಈ ಸಲ ಒಂದೊಂದೇ.
ಲಕೋಟೆ ತೂಗಲಿಲ್ಲ.
ಕಿಟಕಿ ಎಂದು ತೆರೀತದ್ರಿ, ಅಂತ ಕೇಳಿದೆ.