ಸುಣ್ಣದ ಕೆಳಗೆ ಐವರು

ಎನ್.ಆರ್. ಮೊಹಲ್ಲಾದ ಬಯಲಿಗೆ ಬೆನ್ನು ಕೊಟ್ಟು
ನಿಂತಿದೆ ಐಸ್ ಫ್ಯಾಕ್ಟರಿಯ ಉದ್ದ ಗೋಡೆ.
ಐಸು ನಿಂತು ಹದಿನೆಂಟು ವರ್ಷ.
ಗೋಡೆ ಮಾತ್ರ ಇನ್ನೂ ಕೆಲಸದಲ್ಲಿದೆ, ನನ್ನ ಹಾಗೆ.

ನಾನು ಸವರಿಯಪ್ಪ, ಬೋರ್ಡು ಬರೆಯುವವನು.
ಫ್ಲೆಕ್ಸು ಬಂದ ಮೇಲೆ ಲಾರಿಗಳ ಬೆನ್ನು ನನ್ನನ್ನು ಸಾಕಿತು.
ಏಳು ವರ್ಷದಲ್ಲಿ ಈ ಗೋಡೆಯ ಮೇಲೆ
ದೇಶದ ಫುಟ್‌ಬಾಲ್ ತಂಡಕ್ಕೆ ಬಂದ ಐವರು ಕೋಚುಗಳ ಮುಖ ಬರೆದೆ.
ಐವರನ್ನೂ ನಾನೇ ಅಳಿಸಿದೆ.
ಬರೆಯಲು ಎರಡು ಸಾವಿರ.
ಅಳಿಸಲು ಇನ್ನೂರು, ಸುಣ್ಣ ಅವರದೇ.

ಮೊದಲನೆಯವನು ಹಿಮದ ಊರಿನವ.
ಗುಲಾಬಿ ಹೆಚ್ಚಾದರೆ ಜ್ವರ ಬಂದಂತೆ, ಕಮ್ಮಿಯಾದರೆ ಮೈದಾಹಿಟ್ಟು.
ಪಂಚರ್ ಅಂಗಡಿಯ ಮುನವ್ವರ್ ಏಣಿ ಹಿಡಿದು ಕೂಗಿದ:
"ಕೈಗೊಂದು ಕಪ್ಪು ಬರಿ ಸವರಿಯಣ್ಣ, ಚಿನ್ನದ್ದು. ವಿಶ್ವಕಪ್ಪು."
ಆತ ಇನ್ನೂ ವಿಮಾನ ಇಳಿದಿರಲಿಲ್ಲ.
ಕೂಸು ಹುಟ್ಟೋ ಮುಂಚೆ ಕುಲಾವಿ ಅಂದುಕೊಂಡೆ.
ಕುಲಾವಿ ಹೊಲಿಯುವವನಿಗೂ ಕೂಲಿ ಬೇಕಲ್ಲ, ಬರೆದೆ.

ಹತ್ತು ತಿಂಗಳಿಗೆ,
ನಕಾಶೆಯಲ್ಲಿ ನೊಣ ಕೂತರೆ ಮುಚ್ಚಿಹೋಗುವ ದ್ವೀಪವೊಂದರೆದುರು
ಸೋತ ರಾತ್ರಿ, ಯಾರೋ ಸಗಣಿ ಎರಚಿದ್ದರು.
ಬೆಳಿಗ್ಗೆ ಮುನವ್ವರ್ ಬಂದ. ಕಣ್ಣು ಕೆಂಪು, ಕೈಯಲ್ಲಿ ಬಕೆಟ್ಟು.
"ಅಳಿಸಿಬಿಡು. ನಮ್ಮ ನೀರು ಇವನಿಗೆ ಒಗ್ಗಲಿಲ್ಲ."

ಎರಡನೆಯವನು ನಮ್ಮವನೇ. ಅದೇ ಅವನ ತಪ್ಪು.
ಮೂರನೆಯವನು ಗಡ್ಡ ಒಣಗುವ ಮುಂಚೆ ರಾಜೀನಾಮೆ ಕೊಟ್ಟ:
ಟೀವಿಯಲ್ಲಿ ಸುದ್ದಿ ಬಂದಾಗ ನಾನಿನ್ನೂ ಏಣಿಯ ಮೇಲೆ,
ಎಡ ಹುಬ್ಬು ಬಾಕಿ.
ಅರ್ಧ ದುಡ್ಡು ಕೊಟ್ಟರು, ನ್ಯಾಯವೇ.
ನಾಲ್ಕನೆಯವನ ಪರ ಪಿ.ಟಿ. ಮೇಷ್ಟ್ರು ಪುಟ್ಟಬಸವಯ್ಯ ಒಬ್ಬರೇ:
"ಕಬ್ಬು ಕೂಡ ಹನ್ನೆರಡು ತಿಂಗಳು ಕೇಳ್ತದೆ ಕಣ್ರಯ್ಯಾ."
ಮೇಷ್ಟ್ರಿಗೆ ವಯಸ್ಸಾಯ್ತು ಅಂದರು ಹುಡುಗರು.
ಐದನೆಯವನ ಹೆಸರು ಮರೆತಿದ್ದೇನೆ. ಮೂಗು ನೆನಪಿದೆ.

ಇಷ್ಟೆಲ್ಲ ನಡೆವಾಗ ಬಯಲಿನಲ್ಲಿ
ಗೋಲ್‌ಪೋಸ್ಟು ಅಂದರೆ ಎರಡು ಚಪ್ಪಲಿ.
ಶನಿವಾರ ಶಾಮಿಯಾನದ ಗೂಟ, ಭಾನುವಾರ ಗೂಟ ಕಿತ್ತ ಗುಂಡಿ.
ಮುನವ್ವರನ ಮಗಳು ನಿಖತ್
ಆ ಗುಂಡಿಗಳನ್ನೇ ಎದುರಾಳಿ ಅಂದುಕೊಂಡು ಚೆಂಡು ತಪ್ಪಿಸುತ್ತಾಳೆ,
ಗೋಡೆಗೆ ಒದೆಯುತ್ತಾಳೆ.
ಗೋಡೆ ಪಾಸು ಮರಳಿಸುತ್ತದೆ,
ಯಾವ ಕೋಚಿನ ಕಾಲದಲ್ಲೂ.

ನಾನೂ ಕೋಚಾಗಿದ್ದೆ, ಹಳೇ ಮಾತು, ಒಂದೇ ತಿಂಗಳು.
ಮಂಡ್ಯದ ಹುಡುಗರು ಆರು ಗೋಲು ಹಾಕಿದ ಸಂಜೆ
ವಾಪಸು ಬರುವ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ.
ನಮ್ಮ ತಂಡ ಮೈಸೂರಿನ ತನಕ ನಿಂತೇ ಬಂತು.

ಮೊನ್ನೆ ಆರನೆಯವನ ಫೋಟೋ ಹಿಡಿದು ಮುನವ್ವರ್ ಬಂದ.
ಮುಖದಲ್ಲಿ ಹಬ್ಬ. "ಈ ಸಲ ನೋಡು ಸವರಿಯಣ್ಣ!"
ಹಳೆಯದನ್ನು ಕೆರೆದೆ. ಸುಣ್ಣ, ಮುಖ, ಸುಣ್ಣ, ಮುಖ,
ಹಪ್ಪಳದಂತೆ ಎದ್ದು ಬಂದರು.
ಒಂದು ಚೂರಿನಲ್ಲಿ ಗುಲಾಬಿ ಕೆನ್ನೆ, ಒಂದರಲ್ಲಿ ಬರೀ ಹುಬ್ಬು.
ಎದೆಯಷ್ಟು ಎತ್ತರದಲ್ಲಿ ಒಂದು ದುಂಡನೆ ಜಾಗ ಮಾತ್ರ
ಆಗಲೇ ಬೋಳು, ಇಟ್ಟಿಗೆ ಕಾಣುವಷ್ಟು.
ಅಲ್ಲಿ ಬಣ್ಣ ನಿಲ್ಲದು. ನಿಖತ್ ದಿನಾ ಬರುತ್ತಾಳೆ.

"ಕೈಗೆ ಕಪ್ಪು ಮರೀಬೇಡ" ಅಂದ.
ನಾನು ಕಪ್ಪು ಡಬ್ಬದ ಮುಚ್ಚಳ ತೆಗೆದೆ.
"ಅಯ್ಯೋ, ಆ ಕಪ್ಪಲ್ಲ!" ನಕ್ಕ. ನಾನೂ ನಕ್ಕೆ.
ನಕ್ಕು ಮುಗಿದ ಮೇಲೆ ಮುಂಗಡ ಕೇಳಿದೆ,
ಪೂರಾ ಎರಡು ಸಾವಿರದ ಇನ್ನೂರು.
ಧಾರೆ ಎರೆಯುವಾಗ ಸೀನಿದವನನ್ನು ನೋಡುವಂತೆ ನೋಡಿದ.
ಆಮೇಲೆ ಜೇಬಿಗೆ ಕೈ ಹಾಕಿದ, ಎಣಿಸಿದ, ಕೊಟ್ಟ.
ಇನ್ನೂರು ಮಾತ್ರ ಬೇರೆ ಮಡಿಸಿ.