ಎರಡು ಕಾಲಂ

ಹಾಸನದ ಮಂಡಿಗೆ ಬಿತ್ತನೆಗಡ್ಡೆ ಬಂದಿಳಿದ ವಾರ
ಸೀಗೆಯ ಚನ್ನಾಜಮ್ಮ ಕೇಳಿಯೇಬಿಟ್ಟಳು:
"ಗಂಡಾಳಿಗೆ ಆರುನೂರು, ನಮಗ್ಯಾಕೆ ಮುನ್ನೂರೈವತ್ತು?"
ಕೈಯ ಚಾಕು ಕೆಳಗಿಡದೆ ಕೇಳಿದಳು.

ಟೀ ಅಂಗಡಿಗೆ ಅವತ್ತು ಒಳ್ಳೇ ವ್ಯಾಪಾರ.
"ಮೂಟೆ ಹೊರಲಿ, ಕೊಡೋಣ" ಅಂದ ಹಮಾಲಿ ನಿಂಗರಾಜ;
ರಾತ್ರಿ ಅವನ ಸೊಂಟಕ್ಕೆ ಮುಲಾಮು ತಿಕ್ಕುವವಳು
ಇದೇ ಶೆಡ್ಡಿನಲ್ಲಿ ಗಡ್ಡೆ ಕೊಯ್ಯುತ್ತಾಳೆ.
"ಬಸ್ಸೇ ಪುಕ್ಕಟೆ ಮಾಡವ್ರೆ, ಇನ್ನೇನು ಬೇಕಂತೆ?"
ಕಾಲೇಜು ಹುಡುಗನೊಬ್ಬ ಸಂವಿಧಾನದ ವಿಧಿ ಹೇಳಿದ,
ನಂಬರು ತಪ್ಪಿತ್ತು.
ರೇಹಾನಾಬಿ ಮಾತ್ರ, ಅವಳ ಪಕ್ಕದಲ್ಲೇ ಕೂತು,
ತಲೆ ಎತ್ತದೆ:
"ಸುಮ್ನಿರಕ್ಕ. ಸಮ ಕೊಡೋದಾದ್ರೆ
ನಾಳೆಯಿಂದ ನಮ್ಮನ್ನ ಕರೆಯೋದೇ ಇಲ್ಲ."

ಅದಕ್ಕೆ ಯಾರ ಹತ್ತಿರವೂ ಉತ್ತರವಿರಲಿಲ್ಲ.
ಚನ್ನಾಜಮ್ಮ ಒಂದು ಗಡ್ಡೆ ತಿರುತಿರುಗಿಸಿ ನೋಡಿ
ಹೋಳಿಗೊಂದು ಕಣ್ಣು ಉಳಿಯುವಂತೆ ಕೊಯ್ದಳು.
ಕಣ್ಣಿಲ್ಲದ್ದು ಮಣ್ಣಲ್ಲೇ ಕೊಳೆಯುತ್ತದೆ,
ಅದು ಎಲ್ಲರಿಗೂ ಗೊತ್ತು.

ನಾನು ಗುಮಾಸ್ತ.
ಕೂಲಿ ಪುಸ್ತಕದಲ್ಲಿ ಗೆರೆ ಎಳೆಯುವವನು ನಾನೇ,
ಗಂಡು, ಹೆಣ್ಣು, ಎರಡು ಕಾಲಂ.
ಇಪ್ಪತ್ತೆರಡು ವರ್ಷ, ಒಂದೂ ಗೆರೆ ಸೊಟ್ಟಗಿಲ್ಲ.

ಸೋಮವಾರ ಸಾಹುಕಾರರು ಹೊಸ ಪುಸ್ತಕ ಕೊಟ್ಟರು.
ಹಾಳೆಯ ಮೇಲೆ ಸ್ಕೇಲು ಇಟ್ಟೆ.
ಶೆಡ್ಡಿನಿಂದ ಅವಳು
ನನ್ನ ಕೈಯನ್ನೇ ನೋಡುತ್ತಿದ್ದಳು.