ಮೂರನೆಯ ಕಂತು

ನಮ್ಮ ಮಾತಿಗೆ ಲಿಪಿಯಿಲ್ಲ.
ಅರ್ಜಿಯೆಲ್ಲ ರಾಜಧಾನಿಯ ಭಾಷೆಯಲ್ಲೇ ಆಗಬೇಕು.
ಅದನ್ನು ಕಾಗುಣಿತ ಕೆಡದಂತೆ ಬರೆಯಬಲ್ಲವನು
ಬಾರ್ತಾಂಗ್ ಕಣಿವೆಯ ಈ ಮೇಲ್ತುದಿಯಲ್ಲಿ
ಸದ್ಯಕ್ಕೆ ನಾನೊಬ್ಬನೇ, ಶಾಲೆ ಮೇಷ್ಟ್ರು.
ಹಾಗಾಗಿ ದವ್ಲತ್‌ಬೇಗಿಮಳ ಅರ್ಜಿಯೂ
ನನ್ನ ಕೈಬರಹದಲ್ಲೇ ದುಶಾಂಬೆಗೆ ಹೋಯಿತು:
ರಾಷ್ಟ್ರೀಯ ಪ್ರವಾಸೋದ್ಯಮ ಅಭಿವೃದ್ಧಿ ನಿಧಿ,
ನಮೂನೆ ನಾಲ್ಕು, ಎರಡು ಪ್ರತಿ.

ಏಳನೆಯ ಕಲಮಿನಲ್ಲಿ ಪೆನ್ನು ನಿಂತಿತು.
'ಊರಿನಲ್ಲಿ ನೋಡತಕ್ಕದ್ದು ಏನಿದೆ?'
ಬೇಗಿಮ್ ಹಿಟ್ಟಿನ ಕೈ ಹಾಗೇ ಹಿಡಿದು
ಬಾಗಿಲಾಚೆ ನೋಡಿದಳು, ಮೊದಲ ಸಲವೆಂಬಂತೆ.
'ಹೊಳೆ ಇದೆ. ಏಪ್ರಿಕಾಟ್ ಮರ ಇದೆ.
ಹೋದ ವರ್ಷ ಉರುಳಿದ ಬಂಡೆ ಇದೆ,
ಅಲಿಯೋರನ ಕೊಟ್ಟಿಗೆ ಮೇಲೆ.
ನೀನೇ ಏನಾದರೂ ಹಾಕು.'
ಹಾಕಿದೆ: ಪುರಾತನ ಕೋಟೆ.
ಇರುವುದು ಒಂದು ಕಲ್ಲುಗುಡ್ಡೆ.
ಯಾವತ್ತೋ ಕೋಟೆಯೇ ಇದ್ದಿರಲೂಬಹುದು.

ಮೊದಲ ಕಂತಿನಲ್ಲಿ ಕಮೋಡು ಬಂತು.
ಲಾರಿಯಲ್ಲಿ ಎರಡು ದಿನ,
ಸೇತುವೆ ಕಿತ್ತುಹೋದಲ್ಲಿಂದ ಕತ್ತೆಯ ಮೇಲೆ,
ಬೆಳ್ಳಗೆ, ಮದುಮಗಳ ಹಾಗೆ ತೂಗುತ್ತ;
ಹಿಂದೆ ನನ್ನ ಮೂರನೆಯ ತರಗತಿ ಪೂರಾ.
ನಲ್ಲಿಯಿಲ್ಲ, ಪೈಪಿಲ್ಲ. ಅವು ಬೇರೆ ಇಲಾಖೆ.

ಎರಡನೆಯದಕ್ಕೆ ಬೋರ್ಡು, ಎರಡು ಮಂಚ,
ಹನ್ನೆರಡು ಟವೆಲ್ಲು.
ಡಿಸೆಂಬರಿನೊಳಗೆ ಖರ್ಚು ತೋರಿಸತಕ್ಕದ್ದು ಎಂದಿತ್ತು.
ನಮ್ಮ ದಾರಿ ನವೆಂಬರಿಗೇ ಮುಚ್ಚುತ್ತದೆ.
ಹಿಮಕ್ಕೆ ಆರ್ಥಿಕ ವರ್ಷ ಗೊತ್ತಿಲ್ಲ.

ಮೇ ತಿಂಗಳಲ್ಲಿ ಇನ್ಸ್‌ಪೆಕ್ಟರ್ ಸಫರ್‌ಮುರೋದ್ ಬಂದ.
ಎಳೆ ಮೀಸೆ, ತೆಳು ಬೂಟು,
ಕಣಿವೆಯುದ್ದಕ್ಕೂ ವಾಂತಿ ಮಾಡಿಕೊಂಡೇ ಬಂದಿದ್ದ.
ಉಪ್ಪು ಬೆಣ್ಣೆ ಹಾಕಿದ ಹಾಲುಚಹಾಕ್ಕೆ
ಬೇಗಿಮ್ ರೊಟ್ಟಿ ಮುರಿದು ಹಾಕಿ ಕೊಟ್ಟಳು.
ಕುಡಿದ. ಮುಖಕ್ಕೆ ಬಣ್ಣ ಬಂತು. ಟೇಪು ಬಿಚ್ಚಿದ.
ಮಂಚಕ್ಕೂ ಮಂಚಕ್ಕೂ ನಡುವೆ
ಎಪ್ಪತ್ತು ಸೆಂಟಿಮೀಟರು ಬೇಕು; ಐವತ್ತೆರಡೇ ಇದೆ.
ಅಡ್ಡ ಬಂದದ್ದು ಐದನೆಯ ಕಂಬ.

ನಮ್ಮ ಕಡೆ ಮನೆಗೆ ಐದು ಕಂಬ,
ಒಂದೊಂದಕ್ಕೂ ಒಬ್ಬೊಬ್ಬ ಪುಣ್ಯವಂತರ ಹೆಸರು.
ಹೇಳಿದರೆ ಅದನ್ನೂ ಬರೆದುಕೊಂಡಾನೆಂದು ಹೇಳಲಿಲ್ಲ.
ಈ ಕಂಬ ಹಿಡಿದೇ ಅವಳು ಮೂವರನ್ನು ಹೆತ್ತಳು.
ಗಂಡನನ್ನು ಹೊಳೆ ಒಯ್ದ ದಿನ
ಹಣೆ ಚಚ್ಚಿಕೊಂಡದ್ದೂ ಇದಕ್ಕೇ.
ಆ ಎತ್ತರದಲ್ಲಿ ಮರ ಈಗಲೂ ತುಸು ನುಣುಪು.

ಬರೆಯಲು ಮೇಜಿರಲಿಲ್ಲ.
ಸಫರ್‌ಮುರೋದ್ ಆ ಕಂಬಕ್ಕೇ ಬೆನ್ನು ಕೊಟ್ಟು ಕೂತು,
ಮೊಣಕಾಲ ಮೇಲೆ ಫೈಲಿಟ್ಟು ಷರಾ ಬರೆದ:
'ಕಂಬ ತೆಗೆಯತಕ್ಕದ್ದು.
ಅಲ್ಲಿಯವರೆಗೆ ಮೂರನೆಯ ಕಂತು ತಡೆಹಿಡಿದಿದೆ.'
ಸಹಿ ಹಾಕಿದ. ಪೆನ್ನು ಜೇಬಿಗಿಟ್ಟ.
ಹಾಗೇ ಒರಗಿದಲ್ಲೇ ನಿದ್ದೆ ಹೋದ.
ಸರ್ಕಾರದ ಮಂಚ ಎರಡೂ ಖಾಲಿ.

ಬೇಗಿಮ್ ಅವನಿಗೆ ಕುರಿತುಪ್ಪಟದ ಕೋಟು ಹೊದಿಸಿ
ಮೆಲ್ಲಗೆ ಕೇಳಿದಳು: 'ಏನು ಬರೆದ?'
ಅವಳ ಕನ್ನಡಕ ಒಡೆದು ವರ್ಷವಾಗಿತ್ತು.
'ಚಹಾ ಚೆನ್ನಾಗಿತ್ತಂತೆ' ಅಂದೆ.
ಅವಳು ನೆಲದ ಮೇಲಿನ ಟೇಪು ನೋಡಿದಳು,
ಆಮೇಲೆ ಕಂಬ, ಆಮೇಲೆ ನನ್ನನ್ನು.
ದೀಪ ಸಣ್ಣ ಮಾಡಿದಳು.

ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತ
ಅವನು ಏಳನೆಯ ಕಲಂ ತೆರೆದ.
'ಬಂದಿದ್ದೇನೆ, ನೋಡಿಯೇ ಹೋಗುತ್ತೇನೆ.
ಕೋಟೆ ಯಾವ ಕಡೆ, ಮೇಷ್ಟ್ರೇ?'